ಮೇ ತಿಂಗಳಲ್ಲೇ ತಂಪಾದರೆ ಭೂಮಿ ಬಿಸಿಯಾಗುತ್ತಿಲ್ಲ ಅಂತಲಾ?

ಪ್ರಶ್ನೆ: ನಾನು ತಿಪಟೂರು ಕಡೆಯ ರೈತ. 2024ರ ಏಪ್ರಿಲ್‌ನಲ್ಲಿ ಬೆಂದು ಹೋದೆವು, ಕೊಳವೆ ಬಾವಿ ಬತ್ತಿ ತೆಂಗಿನ ಗರಿ ಜೋತು ಬಿದ್ದಿತ್ತು. ಮಾರನೇ ವರ್ಷ, 2025ರ ಮೇ ಬಂದರೆ ಬೇಸಿಗೆ ಮುಗಿಯುವ ಮೊದಲೇ ಮಳೆ, ಮೋಡ, ರಾತ್ರಿ ಹೊದಿಕೆ ಬೇಕಾಗುವಷ್ಟು ತಂಪು. ಭೂಮಿ ಬಿಸಿಯಾಗ್ತಿದೆ ಅಂತ ನೀವೆಲ್ಲ ಹೇಳ್ತೀರಿ, ಹಾಗಾದ್ರೆ ಇದೇನು? ಇನ್ನೊಂದು, ಮೇ ಮಳೆ ಚೆನ್ನಾಗಿ ಬಂದಾಗ ಅದನ್ನೇ ಮುಂಗಾರು ಅಂದುಕೊಂಡು ಬಿತ್ತಬಹುದಾ?

ಉತ್ತರ: ಈ ಪ್ರಶ್ನೆ ನೀವೊಬ್ಬರೇ ಕೇಳಿದ್ದಲ್ಲ. ಮೇನಲ್ಲಿ ಎರಡು ವಾರ ಮೋಡ ಮುಚ್ಚಿದರೆ ಸಾಕು, "ಎಲ್ಲಿ ನಿಮ್ಮ ಗ್ಲೋಬಲ್ ವಾರ್ಮಿಂಗ್" ಅಂತ ಮೆಸೇಜುಗಳು ಶುರುವಾಗುತ್ತವೆ. ಕೇಳುವುದು ನ್ಯಾಯವೇ. ಮೈಗೆ ತಾಗುವ ಹವೆಯನ್ನೇ ಎಲ್ಲರೂ ಮೊದಲು ನಂಬುವುದು, ಅದರಲ್ಲಿ ತಪ್ಪೇನಿದೆ? ಆದರೆ ನಿಮ್ಮ ಮೈಗೆ ತಾಗಿದ ಆ ತಂಪು ಎಲ್ಲಿಂದ ಬಂತು, ಅದಕ್ಕೆ ಮೊದಲು ಇದ್ದ ಶಾಖ ಎಲ್ಲಿಗೆ ಹೋಯಿತು ಅಂತ ಹುಡುಕುತ್ತಾ ಹೋದರೆ, ತಂಪು ಮತ್ತು ತಾಪ ಎರಡೂ ಒಂದೇ ಕಥೆಯ ಭಾಗ ಅನ್ನುವುದು ಗೊತ್ತಾಗುತ್ತದೆ.

ಮೊದಲು ನಮ್ಮ ಬೇಸಿಗೆಯ ಸ್ವಭಾವ ನೋಡೋಣ. ದೆಹಲಿ, ರಾಜಸ್ಥಾನದಲ್ಲಿ ಬೇಸಿಗೆಯ ತುದಿ ಬರುವುದು ಮೇ ಕೊನೆ, ಜೂನ್‌ನಲ್ಲಿ. ದಕ್ಷಿಣ ಒಳನಾಡಿನಲ್ಲಿ ಹಾಗಲ್ಲ. ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ಸರಿಯಾಗಿ ಬರುವುದು ಏಪ್ರಿಲ್ 24ರ ಆಸುಪಾಸಿನಲ್ಲಿ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳೆಲ್ಲ ಕಂಬ ನೆಟ್ಟು ನೋಡುತ್ತಾರಲ್ಲ, ಅದೇ ದಿನ. ನಿಮ್ಮ ತಿಪಟೂರು ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿದೆ. ಆಮೇಲೆ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ, ಆದರೆ ತಂಪಾಗುವುದಕ್ಕೆ ಅದೊಂದೇ ಕಾರಣ ಅಲ್ಲ, ಅದು ಮುಖ್ಯ ಕಾರಣವೂ ಅಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಅರಬ್ಬಿ ಸಮುದ್ರದಿಂದಲೂ ಬಂಗಾಳ ಕೊಲ್ಲಿಯಿಂದಲೂ ತೇವ ಒಳನಾಡಿಗೆ ನುಗ್ಗಲು ಶುರು ಮಾಡುತ್ತದೆ. ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಒಂದು ಪಟ್ಟಿ ಆಗಾಗ ಏರ್ಪಡುತ್ತದೆ. ಹವಾಮಾನ ಇಲಾಖೆಯವರು ಟ್ರಫ್ ಅನ್ನುವುದು ಇದನ್ನೇ. ಎರಡು ಕಡೆಯ ಗಾಳಿ ಅಲ್ಲಿ ಸೇರುತ್ತದೆ, ಕೆಳಗೆ ಕಾದ ನೆಲ, ಮಧ್ಯಾಹ್ನ ಮೂರು ಗಂಟೆಗೆ ಮೋಡ ಎದ್ದು ನಿಲ್ಲುತ್ತದೆ, ಸಂಜೆಗೆ ಗುಡುಗು, ಆಲಿಕಲ್ಲು, ಮಳೆ. ಹಿರಿಯರು ಅಶ್ವಿನಿ, ಭರಣಿ, ಕೃತ್ತಿಕೆ ಅಂತ ಎಣಿಸುತ್ತಿದ್ದ ಮಳೆ ಇದೇ. "ಭರಣಿ ಮಳೆ ಧರಣಿ ಬೆಳೆ" ಅನ್ನುವ ಗಾದೆ ಹುಟ್ಟಿದ್ದು ಮುಂಗಾರು ಬಂದ ಮೇಲಲ್ಲ, ಏಪ್ರಿಲ್ ಕೊನೆಯ ಈ ಮಳೆ ನೋಡಿ.

ಹಾಗಾಗಿ ಬೆಂಗಳೂರಿನಲ್ಲಿ ಏಪ್ರಿಲ್‌ನ ಸರಾಸರಿ ಗರಿಷ್ಠ ತಾಪ ಸುಮಾರು 34 ಡಿಗ್ರಿ ಇದ್ದರೆ, ಮೇನಲ್ಲಿ ಸ್ವಲ್ಪ ಇಳಿದು, ಜೂನ್‌ಗೆ 30ರ ಹತ್ತಿರ ಬರುತ್ತದೆ. ಬೇಸಿಗೆಯ ಕೊನೆ ತಂಪಾಗುವುದು ನಮ್ಮಲ್ಲಿ ವಾಡಿಕೆ. ಮೇ ತಂಪಾಯಿತು ಅನ್ನುವುದು ಅಚ್ಚರಿಯಲ್ಲ. ಎಷ್ಟು ಬೇಗ, ಎಷ್ಟು ಜೋರಾಗಿ, ಯಾವ ತರಹದ ಮಳೆಯ ಜೊತೆ ತಂಪಾಯಿತು ಅನ್ನುವುದನ್ನು ನೋಡಬೇಕು.

ಈಗ ಶಾಖ ಎಲ್ಲಿಗೆ ಹೋಯಿತು ಅನ್ನುವ ವಿಷಯ. ನನಗೆ ಈ ಭಾಗ ತುಂಬ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಳೆ ಬರುವ ಮೊದಲು ಒಂದು ತಣ್ಣನೆ ಗಾಳಿ ಬೀಸುತ್ತದಲ್ಲ, ಧೂಳೆಬ್ಬಿಸಿಕೊಂಡು ಬರುವ ಗಾಳಿ, ಅದು ಮೋಡದ ಒಳಗಿಂದ ಕೆಳಗೆ ಬಿದ್ದ ಗಾಳಿ. ಮೋಡದಿಂದ ಹನಿ ಬೀಳುವಾಗ ಕೆಳಗಿನ ಒಣ ಗಾಳಿಯಲ್ಲಿ ಸ್ವಲ್ಪ ಹನಿ ದಾರಿಯಲ್ಲೇ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು, ಅದನ್ನು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ತಣ್ಣಗಾಗಿ ಭಾರವಾಗಿ ನೆಲಕ್ಕೆ ಬಿದ್ದು ನಾಲ್ಕೂ ಕಡೆ ಹರಡುತ್ತದೆ. ಅರ್ಧ ಗಂಟೆಯಲ್ಲಿ 8–10 ಡಿಗ್ರಿ ಇಳಿಯುವುದು ಇದರಿಂದಲೇ. ಒಂದು ಹನಿಯೂ ಬೀಳದ ಪಕ್ಕದ ಊರಿಗೂ ತಂಪು ಬರುವುದು ಇದೇ ಕಾರಣಕ್ಕೆ.

ಇದು ಆ ಸಂಜೆಯ ಲೆಕ್ಕ. ಮಾರನೇ ದಿನವೂ ತಂಪಾಗಿರುವುದು ಒದ್ದೆ ನೆಲದಿಂದ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಬಯಲಿಗೆ ದಿನಕ್ಕೆ ಸುಮಾರು 6 ಯೂನಿಟ್ ಬಿಸಿಲು ಬೀಳುತ್ತದೆ. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ, ಬೇರೆ ಅಲ್ಲ. ನೆಲ ಒಣಗಿದ್ದರೆ ಅದರ ಬಹುಪಾಲು ನೆಲವನ್ನೂ ಗಾಳಿಯನ್ನೂ ಕಾಯಿಸಲು ಹೋಗುತ್ತದೆ. ನೆಲ ನೆನೆದಿದ್ದು, ಅದೇ ಒಂದು ಚದರ ಮೀಟರಿನಿಂದ ದಿನಕ್ಕೆ 4 ಲೀಟರ್ ನೀರು ಆವಿಯಾಗುತ್ತಿದ್ದರೆ, ಆ ಕೆಲಸಕ್ಕೇ ಸುಮಾರು 2.7 ಯೂನಿಟ್ ಬೇಕು. ಅಂದರೆ ದಿನದ ಬಿಸಿಲಿನ ಹೆಚ್ಚುಕಡಿಮೆ ಅರ್ಧ ಪಾಲು ಗಾಳಿಯನ್ನು ಕಾಯಿಸುವ ಕೆಲಸಕ್ಕೆ ಸಿಗುವುದೇ ಇಲ್ಲ. ಜೊತೆಗೆ ಮೋಡ ಒಂದಷ್ಟು ಬಿಸಿಲನ್ನು ಮೇಲಿನಿಂದ ಮೇಲೆ ವಾಪಸ್ ಕಳಿಸುತ್ತದೆ. ತಾಪಮಾಪಕ 28 ತೋರಿಸಿದರೆ ಆಶ್ಚರ್ಯ ಏನಿದೆ?

ಆದರೆ ಆ 2.7 ಯೂನಿಟ್ ಕಳೆದು ಹೋಗಲಿಲ್ಲ. ಆವಿಯ ಜೊತೆ ಮೇಲೆ ಹೋಯಿತು. ಆ ಆವಿ ಐದಾರು ಕಿಲೋಮೀಟರ್ ಎತ್ತರದಲ್ಲಿ ಮತ್ತೆ ಹನಿಯಾಗುವಾಗ ಅದೇ ಶಾಖ ಅಲ್ಲಿ ಹೊರಬರುತ್ತದೆ, ಮುಂದಿನ ಮೋಡಕ್ಕೆ ಕಸುವು ಕೊಡುತ್ತದೆ. ನಿಮ್ಮ ಹೊಲದ ಮಟ್ಟದಲ್ಲಿ ತಂಪು, ಮೇಲೆ ಶಾಖ. ಭೂಮಿಯ ಒಟ್ಟು ಲೆಕ್ಕದಲ್ಲಿ ಆ ಶಾಖ ಒಂದು ಪೈಸೆಯೂ ಕಡಿಮೆಯಾಗಿಲ್ಲ.

ಈಗ 2025ರ ಮೇ ತಿಂಗಳನ್ನೇ ತೆಗೆದುಕೊಳ್ಳಿ. ಮುಂಗಾರು ಕೇರಳಕ್ಕೆ ಬರುವ ವಾಡಿಕೆ ದಿನ ಜೂನ್ 1. ಆ ವರ್ಷ ಮೇ 24ಕ್ಕೇ ಬಂತು, 2009ರ ನಂತರ ಇಷ್ಟು ಬೇಗ ಬಂದಿದ್ದು ಅದೇ ಮೊದಲು. ಎರಡೇ ದಿನದಲ್ಲಿ ಮುಂಬೈಗೆ ಮುಟ್ಟಿತು, ಅಲ್ಲಿನ ದಾಖಲೆಯಲ್ಲೇ ಅತಿ ಬೇಗ. ಕೊಂಕಣ ತೀರದ ಹತ್ತಿರ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವೊಂದು ಅದೇ ಹೊತ್ತಿಗೆ ಎದ್ದಿತ್ತು, ಅದು ಮಳೆಗಾಳಿಯನ್ನು ಜೋರಾಗಿ ಎಳೆಯಿತು. ಇಡೀ ದೇಶಕ್ಕೆ ಸರಾಸರಿ ತೆಗೆದರೆ 126 ಮಿಲಿಮೀಟರಿಗೂ ಜಾಸ್ತಿ ಮಳೆ, 1901ರಿಂದ ಈಚೆಗೆ ಇಷ್ಟು ಮಳೆಯಾದ ಮೇ ಇನ್ನೊಂದಿಲ್ಲ. ನಮ್ಮ ರಾಜ್ಯದಲ್ಲಿ ವಾಡಿಕೆಯ ಎರಡು ಪಟ್ಟಿಗೂ ಮೀರಿ ಸುರಿಯಿತು. ಬೆಂಗಳೂರಿನಲ್ಲಿ ತಿಂಗಳ ಮಳೆ 300 ಮಿಲಿಮೀಟರ್ ದಾಟಿತು. ಹಗಲಿನ ತಾಪ ಇಳಿಯದೆ ಇನ್ನೇನು ಮಾಡೀತು.

ಅದೇ ತಿಂಗಳು ಪ್ರಪಂಚದ ಲೆಕ್ಕ ನೋಡಿ. ಯುರೋಪಿನ ಕೋಪರ್ನಿಕಸ್ ಸಂಸ್ಥೆಯ ಅಂಕಿ ಪ್ರಕಾರ 2025ರ ಮೇ, ದಾಖಲೆಯಲ್ಲಿ ಎರಡನೇ ಅತಿ ಬಿಸಿ ಮೇ. ಕೈಗಾರಿಕೆಗಳು ಬರುವ ಮೊದಲಿನ ಕಾಲಕ್ಕಿಂತ 1.4 ಡಿಗ್ರಿ ಜಾಸ್ತಿ. ಅದಕ್ಕಿಂತ ಬಿಸಿಯಾಗಿದ್ದ ಒಂದೇ ಮೇ 2024ರದ್ದು. ನೀವು ಹೊದ್ದು ಮಲಗಿದ ಆ ರಾತ್ರಿಗಳಲ್ಲೂ ಭೂಮಿ ಒಟ್ಟಾರೆ ಬಿಸಿಯಾಗೇ ಇತ್ತು. ನಮ್ಮ ಪಾಲಿಗೆ ಮೋಡ ಬಿದ್ದಿತ್ತು, ಅಷ್ಟೇ.

ಇಷ್ಟೇ ಅಲ್ಲ. ಮೇ 29ರ ಹೊತ್ತಿಗೆ ಮುಂಗಾರು ನಿಂತೇ ಬಿಟ್ಟಿತು, ಸುಮಾರು ಎರಡು ವಾರ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಆ ಬಿಡುವಿನಲ್ಲಿ ವಾಯವ್ಯ ಭಾರತ ಕುದಿಯಿತು. ರಾಜಸ್ಥಾನದ ಶ್ರೀಗಂಗಾನಗರದಲ್ಲಿ ಜೂನ್ ಮಧ್ಯಕ್ಕೆ 49 ಡಿಗ್ರಿ ದಾಟಿತು. ಮೇ ತಂಪಾಯಿತು ಅಂತ ಬೇಸಿಗೆ ಮುಗಿಯಿತು ಅಂದುಕೊಂಡವರಿಗೆ ಅದು ಬೇಸಿಗೆಯ ಎರಡನೇ ಸುತ್ತು.

2022 ಇನ್ನೂ ಒಳ್ಳೆಯ ಉದಾಹರಣೆ. ಆ ವರ್ಷ ಮಾರ್ಚ್ ತಿಂಗಳ ಹಗಲಿನ ತಾಪ ಇಡೀ ದೇಶದಲ್ಲಿ 1901ರ ನಂತರದ ದಾಖಲೆ. ಉತ್ತರದಲ್ಲಿ ಗೋಧಿ ಕಾಳು ತುಂಬುವ ಮೊದಲೇ ಸೊರಗಿತು. ಮೇ ಎರಡನೇ ವಾರಕ್ಕೆ ಬಂಗಾಳ ಕೊಲ್ಲಿಯಲ್ಲಿ ಅಸಾನಿ ಚಂಡಮಾರುತ ಬಂತು, ಬೆಂಗಳೂರಿನಲ್ಲಿ ಹಗಲಿನ ಗರಿಷ್ಠ ತಾಪ 24 ಡಿಗ್ರಿ ಆಸುಪಾಸಿಗೆ ಇಳಿಯಿತು. ಮೇ ತಿಂಗಳಲ್ಲಿ ಅಷ್ಟು ತಣ್ಣನೆ ಹಗಲು ಸಿಕ್ಕಿ ಐವತ್ತು ವರ್ಷ ಆಗಿತ್ತು, ಅದಕ್ಕೆ ಹಿಂದಿನದು 1972ರದ್ದು. ಊಟಿ ಶಿಮ್ಲಾ ಜೊತೆ ಹೋಲಿಸಿ ಫೋಟೋಗಳೇ ಫೋಟೋಗಳು. ಅದೇ ವಾರ ಉತ್ತರ ಭಾರತ ಬಿಸಿಗಾಳಿಯಲ್ಲಿತ್ತು. ಒಂದೇ ದೇಶ, ಒಂದೇ ವಾರ, ಎರಡು ಬೇರೆ ಬೇರೆ ಹವೆ. ಯಾವುದನ್ನು ನೋಡಿ ತೀರ್ಮಾನ ಮಾಡುತ್ತೀರಿ?

ಯಾವುದನ್ನೂ ನೋಡಿ ಅಲ್ಲ, ಅನ್ನುವುದೇ ಸರಿಯಾದ ಉತ್ತರ. ಒಂದು ವಾರ ಟೊಮೆಟೊ ಅಗ್ಗವಾದರೆ ಬೆಲೆ ಏರಿಕೆ ನಿಂತಿತು ಅಂತ ಯಾರೂ ಹೇಳುವುದಿಲ್ಲ, ಹತ್ತು ವರ್ಷದ ಸಂತೆ ಖರ್ಚು ನೋಡುತ್ತಾರೆ. ಹವಾಮಾನದಲ್ಲಿ ಹತ್ತು ವರ್ಷವೂ ಸಾಲದು, 30 ವರ್ಷದ ಸರಾಸರಿ ತೆಗೆಯುತ್ತಾರೆ. ಈಗ ಹವಾಮಾನ ಇಲಾಖೆ "ವಾಡಿಕೆ" ಅಂತ ತಾಪಕ್ಕೆ ಇಟ್ಟುಕೊಂಡಿರುವುದು 1991ರಿಂದ 2020ರವರೆಗಿನ ಸರಾಸರಿ. ಇಲ್ಲೊಂದು ಸೂಕ್ಷ್ಮ ಇದೆ, ಪೇಪರ್ ಓದುವವರು ಗಮನಿಸಬೇಕು. ಆ 30 ವರ್ಷಗಳೇ ಹಿಂದಿನದಕ್ಕಿಂತ ಬಿಸಿ. ಅಂದರೆ "ವಾಡಿಕೆಗಿಂತ ಅರ್ಧ ಡಿಗ್ರಿ ಕಡಿಮೆ" ಅಂತ ಇವತ್ತು ಹೇಳಿದರೆ, ನಿಮ್ಮ ತಾತನ ಕಾಲದ ಲೆಕ್ಕದಲ್ಲಿ ಅದು ವಾಡಿಕೆಯ ಹವೆಯೇ ಆಗಿರಬಹುದು, ಸ್ವಲ್ಪ ಜಾಸ್ತಿಯೂ ಆಗಿರಬಹುದು.

ಭಾರತದ ಸರಾಸರಿ ತಾಪ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ ಅಂತ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಪ್ರಪಂಚದ ಏರಿಕೆಗಿಂತ ಇದು ಕಡಿಮೆ. ಗಂಗಾ ಬಯಲಿನ ನೀರಾವರಿ ಮತ್ತು ಉತ್ತರದ ಹೊಗೆ ದೂಳಿನ ಮಬ್ಬು ಎರಡೂ ಹಗಲಿನ ಬಿಸಿಯನ್ನು ಸ್ವಲ್ಪ ಮುಚ್ಚಿಟ್ಟಿವೆ. ಹೊಗೆ ಕಡಿಮೆ ಮಾಡಲೇಬೇಕು, ಜನ ಉಸಿರಾಡಬೇಕಲ್ಲ. ಆದರೆ ಅದು ಕಡಿಮೆಯಾದಾಗ ಮುಚ್ಚಿಟ್ಟ ಬಿಸಿ ಹೊರಬರುತ್ತದೆ ಅನ್ನುವುದನ್ನೂ ತಿಳಿದಿರಬೇಕು.

ಬಿಸಿಯೇರುವುದು ಎಲ್ಲಿ ಕಾಣುತ್ತದೆ ಅಂತ ನೀವು ಕೇಳಿದರೆ, ಹಗಲಿನ ಗರಿಷ್ಠ ತಾಪವನ್ನೇ ನೋಡುತ್ತಾ ಕೂರಬೇಡಿ, ರಾತ್ರಿಯನ್ನು ನೋಡಿ ಅನ್ನುತ್ತೇನೆ. 2024 ನಮ್ಮ ದೇಶಕ್ಕೆ 1901ರ ನಂತರದ ಅತಿ ಬಿಸಿ ವರ್ಷ, ವಾಡಿಕೆಗಿಂತ 0.65 ಡಿಗ್ರಿ ಜಾಸ್ತಿ. ಅದನ್ನು ಬಿಡಿಸಿ ನೋಡಿದರೆ ಹಗಲಿನ ಗರಿಷ್ಠ ತಾಪ ಏರಿದ್ದು 0.20 ಡಿಗ್ರಿ ಮಾತ್ರ, ರಾತ್ರಿಯ ಕನಿಷ್ಠ ತಾಪ ಏರಿದ್ದು 0.90 ಡಿಗ್ರಿ! ಮೋಡವೂ ತೇವವೂ ರಾತ್ರಿ ನೆಲದ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುವುದಿಲ್ಲ. ಹಗಲು ತಂಪು ಕೊಟ್ಟ ಮೋಡವೇ ರಾತ್ರಿ ಸೆಕೆ ಕೊಡುತ್ತದೆ. ಮಂಗಳೂರು, ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮೇ ಮಳೆ ನಿಂತ ಅರ್ಧ ಗಂಟೆಗೆ ಬೆವರು ಆರದ ಹಾಗೆ ಆಗುತ್ತದೆ, ತಾಪಮಾಪಕ ಮಾತ್ರ 30 ತೋರಿಸುತ್ತಿರುತ್ತದೆ. ನಿಮ್ಮ ಕಡೆ ಎತ್ತರ ಜಾಸ್ತಿ, ಗಾಳಿ ಆಡುತ್ತದೆ, ಹಾಗಾಗಿ ಹೊದಿಕೆ ಬೇಕಾಯಿತು. ರಾಯಚೂರಿನವರನ್ನು ಕೇಳಿದ್ದರೆ ಬೇರೆ ಕಥೆ ಹೇಳುತ್ತಿದ್ದರು.

ಎರಡನೆಯದಾಗಿ ಸಮುದ್ರ. ಶಾಖವನ್ನು ಹಿಡಿದಿಡುವ ಹಸಿರುಮನೆ ಅನಿಲಗಳಿಂದ ಉಳಿದುಕೊಂಡ ಶಾಖದಲ್ಲಿ ನೂರಕ್ಕೆ 90 ಪಾಲು ಹೋಗಿ ಕೂತಿರುವುದು ಸಮುದ್ರದಲ್ಲಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2014ರಲ್ಲಿ ತೋರಿಸಿದ ಹಾಗೆ, ಹಿಂದೂ ಮಹಾಸಾಗರದ ಪಶ್ಚಿಮ ಭಾಗ ನೂರು ವರ್ಷದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅವಧಿಯಲ್ಲಿ 1.2 ಡಿಗ್ರಿವರೆಗೆ ಬಿಸಿಯಾಗಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಬಿಸಿ ಸಮುದ್ರ, ಜಾಸ್ತಿ ಆವಿ. ಅರಬ್ಬಿ ಸಮುದ್ರ ಹಿಂದೆ ಚಂಡಮಾರುತಗಳಿಗೆ ಅಷ್ಟು ಹೆಸರಾಗಿರಲಿಲ್ಲ, ಈಗ ಅಲ್ಲಿ ಚಂಡಮಾರುತಗಳ ಸಂಖ್ಯೆಯೂ ಜೋರೂ ಏರಿದೆ. 2021ರ ಮೇನಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋಗಿದ್ದು ನೆನಪಿದೆ ಅಲ್ವಾ? ಹಾಗಾಗಿ ಕೆಲವು ವರ್ಷ ಮೇ ತಿಂಗಳ ತಂಪು ಬರುವುದೇ ಬಿಸಿಯಾದ ಸಮುದ್ರದ ಕೈಯಿಂದ. ಯಾವುದೋ ಒಂದು ವಾರದ ಮಳೆಯನ್ನು ಪೂರ್ತಿ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವುದು ತಪ್ಪು, ನಾನು ಹಾಗೆ ಹೇಳುವುದಿಲ್ಲ. ವರ್ಷ ವರ್ಷಕ್ಕೆ ಏರಿಳಿತ ಮೊದಲಿನಿಂದಲೂ ಇದೆ, ಎಲ್ ನಿನೊ (ಕೆಲವು ವರ್ಷ ಪೆಸಿಫಿಕ್ ಸಾಗರದ ನೀರು ಬಿಸಿಯೇರುವುದು) ಅಂಥವೂ ಇವೆ. 2024ರ ಏಪ್ರಿಲ್ ಅಷ್ಟು ಒಣಗಿದ್ದಕ್ಕೆ 2023ರ ಬರವೂ ಎಲ್ ನಿನೊವೂ ಸೇರಿದ್ದವು. ಆ ಏಪ್ರಿಲ್ 28ಕ್ಕೆ ಬೆಂಗಳೂರು 38.5 ಡಿಗ್ರಿ ಮುಟ್ಟಿತು. ಅದಕ್ಕಿಂತ ಜಾಸ್ತಿ ಏಪ್ರಿಲ್‌ನಲ್ಲಿ ದಾಖಲಾಗಿರುವುದು 2016ರ 39.2 ಮಾತ್ರ. ಆದರೆ ಅದೇ 2024ರ ಜೂನ್ 2ಕ್ಕೆ ಒಂದೇ ದಿನ 111 ಮಿಲಿಮೀಟರ್ ಮಳೆ, ಜೂನ್ ತಿಂಗಳ ಒಂದು ದಿನದ ಲೆಕ್ಕದಲ್ಲಿ 1891ರ ದಾಖಲೆ ಮುರಿಯಿತು. ಐದು ವಾರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ. ಒಣಗಿದಾಗ ಪೂರ್ತಿ ಒಣಗುವುದು, ಸುರಿದಾಗ ಒಮ್ಮೆಲೇ ಸುರಿಯುವುದು, ಬಿಸಿಯಾಗುತ್ತಿರುವ ಗಾಳಿಯಿಂದ ನಾವು ನಿರೀಕ್ಷಿಸುವುದು ಇದನ್ನೇ.

ಊರು ಮತ್ತು ನಗರದ ನಡುವಿನ ವ್ಯತ್ಯಾಸವನ್ನೂ ಹೇಳಿಬಿಡುತ್ತೇನೆ, ನಿಮ್ಮ ಮಕ್ಕಳು ಬೆಂಗಳೂರಿನಲ್ಲಿದ್ದರೆ ಉಪಯೋಗಕ್ಕೆ ಬರಬಹುದು. ಒದ್ದೆ ನೆಲ ತಂಪು ಕೊಡುತ್ತದೆ ಅಂದೆನಲ್ಲ, ಕಾಂಕ್ರೀಟಿಗೆ ಆ ಗುಣ ಇಲ್ಲ. ಮಳೆ ಬಿದ್ದ ನೀರು ಹತ್ತು ನಿಮಿಷದಲ್ಲಿ ಮೋರಿ ಸೇರುತ್ತದೆ, ಮಾರನೇ ದಿನ ಆವಿಯಾಗಲು ನೀರೇ ಇರುವುದಿಲ್ಲ. ಬಿಸಿಲು ಬಂದರೆ ಮತ್ತೆ ಅದೇ ಬೇಗೆ. ಹೊಲದಲ್ಲಿ ಒಂದು ಮಳೆ ವಾರ ತಂಪು ಕೊಟ್ಟರೆ ಬೆಂಗಳೂರಿನ ಬಡಾವಣೆಗೆ ಅದು ಒಂದು ದಿನದ್ದು. 2025ರ ಮೇ 18ರ ರಾತ್ರಿ ನಗರದಲ್ಲಿ 100 ಮಿಲಿಮೀಟರ್ ಮೀರಿ ಸುರಿದು ಹೊರಮಾವು ಸಾಯಿ ಲೇಔಟ್‌ನಂಥ ಜಾಗಗಳು ಮುಳುಗಿದವು. ಕೆರೆ ಮುಚ್ಚಿ ನೆಲ ಮುಚ್ಚಿದ ಊರಿಗೆ ಮಳೆಯ ತಂಪು ದಕ್ಕುವುದಿಲ್ಲ, ಪ್ರವಾಹ ಮಾತ್ರ ದಕ್ಕುತ್ತದೆ. ಇದನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಇದು ನಾವೇ ಕೈಯಾರೆ ಮಾಡಿಕೊಂಡಿದ್ದು.

ಇನ್ನು ಬಿತ್ತನೆ. ನಿಮ್ಮ ಎರಡನೇ ಪ್ರಶ್ನೆಯೇ ಹೆಚ್ಚು ಮುಖ್ಯ ಅಂತ ನನ್ನ ಅನಿಸಿಕೆ.

ತಿಪಟೂರು ಸೀಮೆಯಲ್ಲಿ ಮೊದಲ ಮಳೆಗೆ ಹೆಸರು, ಅಲಸಂದೆ, ಎಳ್ಳು ಹಾಕುವ ಪದ್ಧತಿ ನಿಮಗೆ ಗೊತ್ತೇ ಇದೆ. ಅವು ಕಡಿಮೆ ದಿನದ ಬೆಳೆ, ಭರಣಿ ಕೃತ್ತಿಕೆ ಮಳೆಗೇ ಹೇಳಿ ಮಾಡಿಸಿದಂಥವು. ಅವನ್ನು ಧೈರ್ಯವಾಗಿ ಹಾಕಿ. ಆದರೆ ಮೇ ಮಳೆ ಜೋರಾಗಿ ಬಂತು ಅಂತ ರಾಗಿ, ಶೇಂಗಾ ಬಿತ್ತನೆಯನ್ನು ತಿಂಗಳುಗಟ್ಟಲೆ ಮೊದಲೇ ಮಾಡಿಬಿಡಬೇಡಿ. ಮೇ ಮಳೆ ಗುಡುಗಿನ ಮಳೆ, ನಿಮ್ಮ ಹೊಲದಲ್ಲಿ ಸುರಿದು ಪಕ್ಕದ ಹಳ್ಳಿಯನ್ನು ಬಿಟ್ಟು ಹೋಗುತ್ತದೆ. ಮುಂಗಾರು ಬೇರೆ ಯಂತ್ರ. ಅದು ಸಾವಿರಾರು ಕಿಲೋಮೀಟರ್ ಉದ್ದದ ಗಾಳಿಯ ಹರಿವು. 2025ರ ಹಾಗೆ ಮುಂಗಾರು ನಿಜವಾಗಿಯೇ ಬೇಗ ಬಂದರೂ ಮಧ್ಯೆ ಎರಡು ವಾರ ನಿಲ್ಲಬಹುದು. ಮೊಳಕೆ ಬಂದ ಪೈರಿಗೆ ಆ ಎರಡು ವಾರ ತಡೆಯಲು ಆಗುವುದಿಲ್ಲ. ಬೀಜ, ಗೊಬ್ಬರ, ಕೂಲಿ ಎಲ್ಲ ಎರಡನೇ ಸಲ ಹಾಕಬೇಕಾಗುತ್ತದೆ.

ಮೇ ಮಳೆಯನ್ನು ನೆಲದೊಳಗೆ ಇಳಿಸುವುದಕ್ಕೆ ಬಳಸಿ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಬದು ಸರಿಮಾಡಿ, ತೆಂಗಿನ ಬುಡಕ್ಕೆ ಗರಿ ಸಿಪ್ಪೆ ಹೊದಿಸಿ, ಖಾಲಿ ಹೊಲವಿದ್ದರೆ ಸೆಣಬು ಚೆಲ್ಲಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಬಿತ್ತುವ ಮೊದಲು ಗುದ್ದಲಿಯಲ್ಲಿ ಒಂದು ಅಡಿ ತೆಗೆದು ಕೈಯಲ್ಲಿ ಮಣ್ಣು ಹಿಡಿದು ನೋಡಿ. ಮೇಲಿನ ನಾಲ್ಕು ಬೆರಳು ಮಾತ್ರ ಹಸಿ ಇದ್ದು ಕೆಳಗೆ ಒಣಗಿದ್ದರೆ ಕಾಯಿರಿ. ಹವಾಮಾನ ಇಲಾಖೆ ಪ್ರತಿ ಗುರುವಾರ ಎರಡು ವಾರಕ್ಕೂ ಮುಂದಿನ ಅಂದಾಜು ಕೊಡುತ್ತದೆ, ಮೇಘದೂತ್ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಕೃಷಿ ಸಲಹೆ ಕನ್ನಡದಲ್ಲೇ ಸಿಗುತ್ತದೆ. ಮುಂಗಾರು ನಿಲ್ಲುವ ಸೂಚನೆ ಅಂಥ ಅಂದಾಜಿನಲ್ಲಿ ಬಹಳ ಸಲ ಮೊದಲೇ ಕಾಣುತ್ತದೆ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ಈ ತಂಪು ತರುವ ಮೋಡಗಳೇ ಸಿಡಿಲಿನ ಮೋಡಗಳು, ಏಪ್ರಿಲ್ ಮೇನಲ್ಲಿ ಹೊಲದಲ್ಲಿ, ಮರದ ಕೆಳಗೆ ನಿಂತವರು ಪ್ರತಿ ವರ್ಷ ಸಾಯುತ್ತಿದ್ದಾರೆ. ಐಐಟಿಎಂನವರ ದಾಮಿನಿ ಆ್ಯಪ್ ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ಎಚ್ಚರಿಸುತ್ತದೆ, ಅದನ್ನು ಮನೆಯ ಎಲ್ಲರ ಫೋನಿಗೆ ಹಾಕಿಸಿ. ಆ ತಣ್ಣನೆ ಗಾಳಿ ಬೀಸಿ ಗುಡುಗು ಕೇಳಿದ ಕೂಡಲೇ ತೋಟದಿಂದ ಮನೆಗೆ ಬನ್ನಿ, ತೆಂಗಿನ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಗುಡುಗು ನಿಂತ ಮೇಲೂ ಅರ್ಧ ಗಂಟೆ ಒಳಗೇ ಇರಿ.